ಗುಡುಗಜ್ಜನನ್ನು ಫೇಲ್ ಮಾಡಿದ ಹಳದಿ ಮೀಟರ್

ಗಂಡಸು ಎಂದ ಮೇಲೆ ತನ್ನ ವರ್ಕ್‌ಶಾಪಿಗೆ ಒಂದು ಯಂತ್ರ ಆರಿಸುವ ಹಕ್ಕಾದರೂ ಅವನಿಗೆ ಬೇಡವೇ? ಕ್ಲಾತೆನ್ ಊರಿನ ಮಾರ್ವೊತೊನ ದುಃಖ ಇಷ್ಟೇ. ಪೆಟ್ರೋಲ್ ಬೈಕಿನ ಎಂಜಿನ್ ಕಿತ್ತು, ಮೋಟಾರು ಬ್ಯಾಟರಿ ಕೂರಿಸಿ ಕರೆಂಟಿನಲ್ಲಿ ಓಡಿಸುವುದರಲ್ಲಿ ಅವನನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. (ಆ ಬೀದಿಯಲ್ಲಿ ಬೇರೆ ಯಾರೂ ಆ ಕೆಲಸ ಮಾಡುತ್ತಿರಲಿಲ್ಲ ಎನ್ನುವುದು ಬೇರೆ ಮಾತು.) ಆದರೆ ಅದಕ್ಕೆ ಸಾರಿಗೆ ಇಲಾಖೆಯ ಪರವಾನಗಿ ಬೇಕು. ಪರವಾನಗಿಗೆ ಪರೀಕ್ಷಾ ಸಲಕರಣೆ ಬೇಕು. ಮಂಗಳವಾರ ಇನ್‌ಸ್ಪೆಕ್ಟರ್ ಬಂದು ನೋಡಿ ಒಪ್ಪದಿದ್ದರೆ ಮಾರ್ವೊತೊ ಮತ್ತೆ ಪಂಕ್ಚರ್ ಹಾಕುತ್ತ ಕೂರಬೇಕು.

ಅವನು ಆರಿಸಿದ್ದು ರೋಲರ್ ಯಂತ್ರ. ಬೈಕನ್ನು ಅದರ ಮೇಲೆ ಹತ್ತಿಸಿ ಓಡಿಸಿದರೆ, ಬೈಕು ನಿಂತಲ್ಲೇ ನಿಂತು ವೇಗ, ಬ್ರೇಕು ಎರಡನ್ನೂ ಹೇಳಿಬಿಡುತ್ತದೆ. ಯಂತ್ರ ಮನೆಯ ಮುಂಗೋಣೆಯನ್ನು ಆಕ್ರಮಿಸಿತು, ಸೋಫಾ ಅಂಗಳಕ್ಕೆ ವಲಸೆ ಹೋಯಿತು.

"ಮಾಸ್, ನೆಂಟರು ಬಂದ್ರೆ ಎಲ್ಲಿ ಕೂರಿಸ್ಲಿ? ರೋಲರ್ ಮೇಲಾ?" ಎಂದಳು ಹೆಂಡತಿ ಲಸ್ತ್ರಿ. (ಆ ಕಡೆ ಹೆಂಡತಿ ಗಂಡನನ್ನು ಕರೆಯುವುದು 'ಮಾಸ್' ಎಂದೇ.)

"ಕೂರ್ಲಿ ಬಿಡು, ಎಷ್ಟು ಬೇಗ ಹೊರಡ್ತಾರೆ ಅಂತನೂ ಗೊತ್ತಾಗುತ್ತೆ."

ಲಸ್ತ್ರಿ ಫ್ಯಾನ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ತಪಾಸಣೆಯ ಸಾಲಿನಲ್ಲಿ ಕೂತವಳು. ಅವಳು ಆರಿಸಿದ್ದು ಊಟದ ಡಬ್ಬಿಯಷ್ಟಗಲದ ಒಂದು ಹಳದಿ ಮೀಟರ್. ವೈರಿನಿಂದ ಬೈಕಿನ ಮೈಗೆ ಕರೆಂಟು ಸೋರುತ್ತದೆಯೇ ಎಂದು ನೋಡುವುದು ಅದರ ಕೆಲಸ. ಅಂಕಿ ದೊಡ್ಡದಾದಷ್ಟೂ ಸೋರಿಕೆ ಕಡಿಮೆ ಎಂದರ್ಥ.

"ಇದೆಂಥದು? ಇದನ್ನ ನೋಡಿ ಇನ್‌ಸ್ಪೆಕ್ಟರ್ ನಗ್ತಾರೆ."

"ನಗ್ಲಿ. ಗಿರಾಕಿ ಶಾಕ್ ಹೊಡ್ಸಿಕೊಂಡು ಅಳೋದಕ್ಕಿಂತ ವಾಸಿ."

ಪರೀಕ್ಷೆಗೆ ನಿಲ್ಲಬೇಕಾದ ಬೈಕು ಮಾರ್ವೊತೊನ ಅಪ್ಪನದು. ಆ ಕಡೆ ಕಠಾರಿ, ಈಟಿಯಂಥ ಮನೆತನದ ಆಸ್ತಿಗೆ 'ಕ್ಯಾಯಿ' ಎಂದು ಗೌರವದ ಬಿರುದು ಕೊಡುತ್ತಾರೆ. ಅಪ್ಪ ಈ ಬೈಕಿಗೇ ಬಿರುದು ಕೊಟ್ಟು 'ಕ್ಯಾಯಿ ಗ್ಲುದುಗ್' ಎಂದು ಕರೆದಿದ್ದರು. ನಮ್ಮ ಬಾಯಲ್ಲಿ ಹೇಳುವುದಾದರೆ ಗುಡುಗಜ್ಜ. ಅಜ್ಜನಿಗೆ ಈಗ ಎಂಜಿನ್ನೇ ಇಲ್ಲ, ಕೆಮ್ಮುವುದನ್ನೂ ಬಿಟ್ಟಿದ್ದಾನೆ. ಆದರೂ ಮಾರ್ವೊತೊನಿಗೆ ಅವನನ್ನು ನೋಡಿದರೆ ಎದೆ ಉಬ್ಬುತ್ತಿತ್ತು.

ಸುರೊ ತಿಂಗಳು ಬೇರೆ. ಮನೆತನದ ಕಠಾರಿಗಳಿಗೆ ಹೂವಿನ ನೀರಿನ ಸ್ನಾನ ಮಾಡಿಸುವ ತಿಂಗಳು. ಬಿರುದು ಇರುವ ಗುಡುಗಜ್ಜನನ್ನು ಹಾಗೇ ಕೊಳಕಾಗಿ ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸುವುದುಂಟೇ? ಮಂಗಳವಾರ ಲಸ್ತ್ರಿ ಸಂತೆಗೆ ಹೋದ ಸಮಯ ನೋಡಿ, ಗುಲಾಬಿ, ಮಲ್ಲಿಗೆ ಹಾಕಿದ ಎರಡು ಬಕೆಟ್ ನೀರನ್ನು ಮಾರ್ವೊತೊ ತಲೆಯಿಂದ ಬಾಲದವರೆಗೆ ಭಕ್ತಿಯಿಂದ ಸುರಿದ. ಹೊರಮೈಯನ್ನು ಬಟ್ಟೆಯಿಂದ ಒರೆಸಿ ಫಳಫಳ ಮಾಡಿದ. ಒಳಗೆ ನೀರು ಎಲ್ಲೆಲ್ಲಿ ಹೋಯಿತೆಂದು ಯೋಚಿಸಲು ಭಕ್ತಿಯಲ್ಲಿ ಪುರುಸೊತ್ತಿರಲಿಲ್ಲ.

ಲಸ್ತ್ರಿ ಸಂತೆಯಿಂದ ಮರಳುವ ಹೊತ್ತಿಗೆ ಇನ್‌ಸ್ಪೆಕ್ಟರ್ ಹೆಂದಾರ್ತೊ ಬಂದರು. ಮಾರ್ವೊತೊ ರೋಲರಿನ ಮೇಲಿದ್ದ ಹೊದಿಕೆಯನ್ನು ಪ್ರತಿಮೆ ಅನಾವರಣ ಮಾಡುವವನಂತೆ ಎಳೆದ.

"ಅದು ಆಮೇಲೆ," ಎಂದರು ಅವರು. "ಮೊದಲು ಸೋರಿಕೆ. ಆ ಹಳದಿ ಮೀಟರ್ ಯಾರು ಹಿಡೀತೀರಿ?"

ಮಾರ್ವೊತೊ ಹಿಡಿದ, ಆದರೆ ತಲೆಕೆಳಗಾಗಿ. ಲಸ್ತ್ರಿ ಮೆಲ್ಲಗೆ ಇಸಿದುಕೊಂಡು ಒಂದು ತುದಿಯನ್ನು ವೈರಿಗೆ, ಇನ್ನೊಂದನ್ನು ಚೌಕಟ್ಟಿಗೆ ಮುಟ್ಟಿಸಿದಳು. ಅಂಕಿ ನೋಡಿದಳು. ಗಂಡನ ಮುಖ ನೋಡಿದಳು. ಮಾರ್ವೊತೊ ಕಣ್ಣಲ್ಲೇ ಅಂಗಲಾಚಿದ: ಒಂದು ಸೊನ್ನೆ ಸೇರಿಸಿ ಹೇಳೇ ಮಾರಾಯ್ತಿ! ಇನ್‌ಸ್ಪೆಕ್ಟರು ಮೀಟರಿನ ಕಡೆ ನೋಡುತ್ತಲೂ ಇರಲಿಲ್ಲ.

"ಇರಬೇಕಾದ್ದರಲ್ಲಿ ಕಾಲುಭಾಗನೂ ಇಲ್ಲ ಸಾರ್," ಎಂದಳು ಲಸ್ತ್ರಿ. "ಸೋರ್ತಿದೆ. ಫೇಲ್."

"ಮೀಟರ್ ಕೆಟ್ಟಿದೆ!" ಎಂದು ಮಾರ್ವೊತೊ ಕೂಗಿದ.

ಲಸ್ತ್ರಿ ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ತೆಗೆದಳು. ಒಂದು ಲೋಟ ನೀರು ನೆಲಕ್ಕೆ ಬಿತ್ತು. ಅದರ ಹಿಂದೆಯೇ ಒಂದು ಗುಲಾಬಿ ಎಸಳು.

"ಅಜ್ಜನಿಗೆ ಸ್ನಾನ ಮಾಡ್ಸಿದ್ರಾ, ಮಾಸ್?"

ಮಾರ್ವೊತೊನಿಗೆ ರೋಲರಿನ ಅಡಿಗೆ ಹೋಗಿ ಅಡಗಿಕೊಳ್ಳಬೇಕೆನ್ನಿಸಿತು. ಇಲ್ಲಿಗೆ ಮುಗಿಯಿತು, ನಾಳೆಯಿಂದ ಪಂಕ್ಚರೇ ಗತಿ ಎಂದುಕೊಂಡ. ಇನ್‌ಸ್ಪೆಕ್ಟರು ಮಾತ್ರ ಬರೆಯುವುದನ್ನು ನಿಲ್ಲಿಸಿ ನಗುತ್ತಿದ್ದರು.

"ಮಾರ್ವೊತೊ ಅವರೇ, ಬೈಕ್ ಒಣಗಿಸಿ ಇನ್ನೊಂದ್ಸಲ ಪರೀಕ್ಷೆ ಮಾಡಿ. ವರ್ಕ್‌ಶಾಪ್ ಮಾತ್ರ ಪಾಸು. ಸ್ವಂತ ಗಂಡನ ಗಾಡೀನ ನನ್ನ ಮುಂದೆ ಫೇಲ್ ಮಾಡೋರು ಊರೋರ ಗಾಡೀನ ಸುಮ್ನೆ ಬಿಡ್ತಾರಾ?" ಪರೀಕ್ಷಕರು ಎಂಬ ಜಾಗದಲ್ಲಿ ಅವರು ಬರೆದದ್ದು ಲಸ್ತ್ರಿಯ ಹೆಸರು.

ಮೂರು ದಿನ ಬಿಸಿಲಿಗೆ ಮೈಯೊಡ್ಡಿದ ಗುಡುಗಜ್ಜನನ್ನು ಮಾರ್ವೊತೊ ತಳ್ಳಿಕೊಂಡು ಬಂದ. "ಮಾಲೀಕರು ಆಚೆ ನಿಲ್ಲಿ," ಎಂದಳು ಲಸ್ತ್ರಿ. ಸೋರಿಕೆ ಇಲ್ಲ. ಬ್ರೇಕು ಸರಿ. ವೇಗ ಸರಿ.

"ಹಾರ್ನ್ ಸದ್ದು ಸಾಲದು. ಫೇಲ್."

"ಮೆಲ್ಲಗೆ ಹೇಳೇ, ಪಕ್ಕದ ಮನೆಗೆ ಕೇಳುತ್ತೆ!"

ಕೇಳಿಯೇ ಬಿಟ್ಟಿತ್ತು. ಪಕ್ಕದ ಮನೆಯ ಪೊನಿಜಾನ್ ಬೇಲಿಯ ಮೇಲಿಂದ ಇಣುಕಿ, "ಏನು, ಮತ್ತೆ ಹೋಯ್ತಾ?" ಎಂದ.

ಮಾರ್ವೊತೊನಿಗೆ ನಾಚಿಕೆಯಾಗಬೇಕಿತ್ತು. ಆದದ್ದು ಹೆಮ್ಮೆ. ಎದೆಯುಬ್ಬಿಸಿ ಹೇಳಿದ: "ಜಿಲ್ಲೇಲೇ ಇಂಥ ಪರೀಕ್ಷಕಿ ಇಲ್ಲ ಕಣಯ್ಯಾ. ನನ್ನ ಹೆಂಡ್ತಿ ಕೈಲಿ ಪಾಸಾಗೋದು ಅಂದ್ರೆ ಹುಡುಗಾಟ ಅಲ್ಲ!"

"ಹೌದೌದು. ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತಲ್ಲ, ನೀನು ಪಾಸಾದೆಯಾ?"

ಮಾರ್ವೊತೊ ಹೆಂಡತಿಯ ಕಡೆ ತಿರುಗಿದ. ಅವಳು ತಲೆ ಎತ್ತದೆ, ಮೀಟರಿನ ವೈರು ಸುತ್ತುತ್ತ ಹೇಳಿದಳು:

"ಅವರಿನ್ನೂ ಒಣಗ್ತಾ ಇದ್ದಾರೆ."