ಜೂನ್ ತಿಂಗಳಿಗೆ ಮುಂದೂಡಲಾದ ಅತಿ ದೀರ್ಘ ಹಗಲು

ಟರ್ನಿಪ್ ಬೇ ಪೌರಸಭೆಯ ವ್ಯಾಪ್ತಿಯಲ್ಲಿ ವರ್ಷದ ಅತಿ ದೀರ್ಘ ಹಗಲನ್ನು ಸಾರ್ವಜನಿಕ ಸುರಕ್ಷತೆಯ ಹಿತದೃಷ್ಟಿಯಿಂದ ಡಿಸೆಂಬರ್ ತಿಂಗಳಿಂದ ಜೂನ್ ತಿಂಗಳಿಗೆ ಮುಂದೂಡಲಾಗಿದೆ. ನಿರ್ಣಯ ಮಂಡಿಸಿದವನು ನಾನೇ. ಸೂರ್ಯನ ಕಡೆಯಿಂದ ಇದುವರೆಗೆ ಯಾವುದೇ ಲಿಖಿತ ಆಕ್ಷೇಪಣೆ ಬಂದಿಲ್ಲ.

ಭೂಮಿಯ ದಕ್ಷಿಣ ತುದಿಯಲ್ಲಿದ್ದು ಡಿಸೆಂಬರಿನಲ್ಲಿ ಬೇಸಗೆ ಕಾಣುವ ಈ ಟಾಸ್ಮೇನಿಯಾದಲ್ಲಿ ನನ್ನ ಪರಿಚಯ ಯಾರಿಗೂ ಬೇಕಾಗಿಲ್ಲ, ಆದರೂ ಹೇಳಿಬಿಡುತ್ತೇನೆ. ಮರ್ವ್ ಹ್ಯಾಲೊರನ್, ಪೌರಸಭೆಯ ಉತ್ಸವ ಉಪಸಮಿತಿಯ ಅಧ್ಯಕ್ಷ. ಸರ್ವಾನುಮತದಿಂದ ಆಯ್ಕೆಯಾದವನು, ಆವತ್ತು ಸಭೆಗೆ ಹೋಗಿದ್ದವನು ನಾನೊಬ್ಬನೇ. ಒಮ್ಮೆ ನಾನು ಹಿಡಿದ ಕ್ರೇಫಿಶ್ ಸೀಗಡಿ ಎಷ್ಟು ದೊಡ್ಡದಿತ್ತೆಂದರೆ, ಅದು ದೋಣಿಯೊಳಗೆ ಹಿಡಿಸದೆ, ದೋಣಿಯನ್ನೇ ಅದರ ಬೆನ್ನ ಮೇಲೆ ಹೇರಿಕೊಂಡು ದಡಕ್ಕೆ ಬಂದೆ. ಅಂಥವನಿಗೆ ಒಂದು ಹಗಲನ್ನು ಅತ್ತಿಂದಿತ್ತ ಸರಿಸುವುದೇನು ಮಹಾ.

ಇದೆಲ್ಲ ಶುರುವಾದದ್ದು ನನ್ನ ತಂಗಿಯ ಮಗ ಡಾರ್ಸಿಯಿಂದ. ಅವನಿಗೆ ಲೈಮಾಳನ್ನು ಮದುವೆಯಾಗಬೇಕು. ಲೈಮಾಳ ಅಜ್ಜಿ ವೆಲ್ಟಾ ಸಣ್ಣವಳಿದ್ದಾಗ ಲಾಟ್ವಿಯಾದಿಂದ ಹಡಗು ಹತ್ತಿ ಬಂದವಳು. ಅವರ ಪದ್ಧತಿಯ ಪ್ರಕಾರ ಅತಿ ದೀರ್ಘ ಹಗಲು ಮುಗಿಯುವ ಸಂಜೆ ಬೆಂಕಿ ಹಾಕಿ, ಹುಡುಗ ಹುಡುಗಿ ಕೈ ಹಿಡಿದುಕೊಂಡು ಅದರ ಮೇಲೆ ಹಾರಬೇಕು. ಕೈ ಬಿಟ್ಟರೆ ಮದುವೆ ಇಲ್ಲ. ನಮ್ಮೂರಲ್ಲಿ ಬಯಲಲ್ಲಿ ಬೆಂಕಿ ಹಾಕುವ ಹಕ್ಕಿರುವುದು ಪೌರಸಭೆಗೆ ಮಾತ್ರ. ಹಾಗಾಗಿ ಪ್ರೇಮಪ್ರಕರಣ ನನ್ನ ಮೇಜಿಗೆ ಬಂತು.

"ಲೈಮಾ ಏನಂತಾಳೋ?" ಅಂತ ಕೇಳಿದೆ.

"ಅಜ್ಜಿ ಹೂಂ ಅನ್ನದೆ ಒಂದು ಹೆಜ್ಜೆ ಇಡಲ್ಲ ಅಂತಾಳೆ ಮಾಮ. ಏನಾದ್ರೂ ಮಾಡು. ಊರಿಗೆಲ್ಲ ದೊಡ್ಡ ಮನುಷ್ಯ ಅಂತ ಹೇಳ್ಕೊಂಡು ತಿರುಗ್ತೀಯಲ್ಲ."

"ಹೇಳ್ಕೊಳ್ಳೋದೇನು ಬಂತು, ಇರೋದೇ ಹಾಗೆ" ಎಂದೆ.

ಒಬ್ಬನ ಮದುವೆಗೆಂದು ಸರಕಾರಿ ಬೆಂಕಿ ಹಾಕಲು ಬರುವುದಿಲ್ಲ. ಆದ್ದರಿಂದ 'ಕುಟುಂಬಸ್ನೇಹಿ ವಿಶ್ವ ಬೇಸಗೆ ಉತ್ಸವ' ಎಂದು ಘೋಷಿಸಿ, ಲೋಕದಲ್ಲಿ ಯಾರ್‍ಯಾರು ಈ ದಿನವನ್ನು ಹೇಗೆ ಆಚರಿಸುತ್ತಾರೆಂದು ಉಪಸಮಿತಿ ಕೂಲಂಕಷವಾಗಿ ಪರಿಶೀಲಿಸಿತು. ಸ್ವೀಡನ್ನಿನವರು ಎಲೆ ಸುತ್ತಿದ ಕಂಬದ ಸುತ್ತ ಕಪ್ಪೆಗಳಂತೆ ಕುಪ್ಪಳಿಸುತ್ತಾರೆ. ನಮ್ಮ ಹಿರಿಯ ನಾಗರಿಕರ ಮಂಡಿಗಳು ಇದನ್ನು ತಿರಸ್ಕರಿಸಿದವು. ಇಂಗ್ಲೆಂಡಿನವರು ಪುರಾತನ ಬಂಡೆಗಳ ನಡುವೆ ಸೂರ್ಯೋದಯ ನೋಡುತ್ತಾರೆ. ನಮ್ಮಲ್ಲಿ ಜನ ಹೋಗಿ ನಿಲ್ಲುವಂಥ ಕಲ್ಲೆಂದರೆ ಅಂಚೆ ಕಚೇರಿಯ ಮೆಟ್ಟಿಲೊಂದೇ, ಅದು ಪಶ್ಚಿಮಕ್ಕೆ ಮುಖ ಮಾಡಿದೆ. ಸ್ಪೇನಿನವರು ಕಡಲಿಗೆ ಇಳಿಯುತ್ತಾರೆ. ಶಾರ್ಕುಗಳ ಒಪ್ಪಿಗೆ ಪಡೆಯಲು ಕಾಲಾವಕಾಶ ಸಾಲದು. ಕೊನೆಗೆ ಉಳಿದದ್ದು ಲಾಟ್ವಿಯಾದ ಬೆಂಕಿಯೇ. ನಿಷ್ಪಕ್ಷಪಾತವೆಂದರೆ ಇದು.

ಕಡತವು ಸುರಕ್ಷತಾ ಅಧಿಕಾರಿ ಗ್ವೆಂಡಾ ಪ್ರಿಚರ್ಡ್ ಬಳಿ ಹೋಯಿತು. ಗ್ವೆಂಡಾ ಕುರ್ಚಿಯಲ್ಲಿ ಕೂರುವ ಮೊದಲು ಕುರ್ಚಿಯನ್ನು ಅಲ್ಲಾಡಿಸಿ ನೋಡುವ ಹೆಂಗಸು.

"ಮರ್ವ್, ಡಿಸೆಂಬರಲ್ಲಿ ಕಾಳ್ಗಿಚ್ಚಿನ ಭಯ, ಪೂರ್ತಿ ಬೆಂಕಿ ನಿಷೇಧ. ಸಾಸೇಜ್ ಸುಡೋಕೂ ಬಿಡಲ್ಲ, ನೀನು ಮನುಷ್ಯರನ್ನ ಹಾರಿಸ್ತೀನಿ ಅಂತೀಯಲ್ಲ."

"ಸಣ್ಣ ಬೆಂಕಿ ಗ್ವೆಂಡಾ."

"ಇನ್ನೊಂದು. ಕುಟುಂಬಸ್ನೇಹಿ ಅಂತ ನೀನೇ ಬರ್ದಿದೀಯ. ಅಂದ್ರೆ ಮಕ್ಕಳು ಮಲಗೋ ಹೊತ್ತಿಗೆ ಎಲ್ಲ ಮುಗೀಬೇಕು. ಬೇಸಗೇಲಿ ಸೂರ್ಯ ಮುಳುಗೋದೇ ಒಂಬತ್ತರ ಹತ್ರ. ಸೂರ್ಯಂಗೆ ಶಿಸ್ತಿಲ್ಲ."

ಬೆಂಕಿಯ ಬದಲು ಕೇಸರಿ ಬಟ್ಟೆಯ ಚೂರುಗಳಿಗೆ ಕೆಳಗಿನಿಂದ ಫ್ಯಾನ್ ಇಟ್ಟು ಹಾರಾಡಿಸಬಹುದೆಂದು ಅವಳೇ ಸೂಚಿಸಿದಳು. ನಾನು ಅದನ್ನು ಒಯ್ದು ವೆಲ್ಟಾ ಅಜ್ಜಿಗೆ ತೋರಿಸಿದೆ. ಅಜ್ಜಿ ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದಳು.

"ನೈಲಾನು. ಇದನ್ನ ಹಾರಿ ಮದುವೆ ಆದ್ರೆ ಮೊದಲನೇ ಒಗೆತಕ್ಕೇ ಬಣ್ಣ ಬಿಡುತ್ತೆ ಕಣೋ. ತಗೊಂಡ್ಹೋಗು."

ಡಾರ್ಸಿ ಊಟ ಬಿಟ್ಟ. ಮಾಂಸದ ಕಡುಬನ್ನು ಅರ್ಧಕ್ಕೇ ಬಿಟ್ಟೆದ್ದವನನ್ನು ನಮ್ಮ ವಂಶದಲ್ಲಿ ನಾನು ನೋಡಿದ್ದು ಅದೇ ಮೊದಲು. ಪರಿಸ್ಥಿತಿ ಗಂಭೀರವೆಂದು ಮನಗಂಡು ಪೌರಸಭೆಯಲ್ಲಿ ಎದ್ದು ನಿಂತೆ. ಬೆಂಕಿ ನಿಷೇಧವನ್ನು ಬದಲಿಸುವ ಅಧಿಕಾರ ನಮಗಿಲ್ಲ. ಆದರೆ ಉತ್ಸವದ ದಿನಗಳೆಲ್ಲ ಉಪಸಮಿತಿಯ ಅಧೀನ. ಆದ್ದರಿಂದ ಅತಿ ದೀರ್ಘ ಹಗಲನ್ನೇ ಜೂನ್ ತಿಂಗಳಿಗೆ ಸರಿಸತಕ್ಕದ್ದು. ಆಗ ಸೂರ್ಯ ಐದಕ್ಕೆ ಮೊದಲೇ ಮುಳುಗಿ ಮಕ್ಕಳಿಗೆ ಮಾದರಿಯಾಗುತ್ತಾನೆ.

ಗ್ವೆಂಡಾ ನಿಯಮಾವಳಿಯನ್ನು ತಿರುವಿ ಹಾಕಿದಳು. "ಹಗಲು ಉದ್ದ ಇರಬೇಕು ಅಂತ ಇದರಲ್ಲಿ ಎಲ್ಲೂ ಇಲ್ಲ" ಎಂದಳು. ನಿರ್ಣಯ ಅಂಗೀಕಾರವಾಯಿತು. ವೆಲ್ಟಾ ಅಜ್ಜಿಗಂತೂ ಖುಷಿಯೋ ಖುಷಿ. "ಅಂತೂ ನಿಮ್ಮ ಊರಿಗೆ ಬುದ್ಧಿ ಬಂತು. ನಮ್ಮ ಲಾಟ್ವಿಯಾದಲ್ಲಿ ಯಾವಾಗ್ಲೂ ಜೂನಲ್ಲೇ."

ಜೂನ್ ಬಂತು. ಅಂಟಾರ್ಟಿಕಾದಿಂದ ಹೊರಟ ಗಾಳಿ ದಾರಿಯಲ್ಲಿ ಎಲ್ಲೂ ನಿಲ್ಲದೆ ನೇರವಾಗಿ ನಮ್ಮ ಮೈದಾನಕ್ಕೆ ಬಂತು. ಹಿಮ ಬೆರೆತ ಮಳೆ. ಬೇಸಗೆ ಉತ್ಸವವಾದ್ದರಿಂದ ಬೇಸಗೆಯ ನಿಯಮಗಳೆಲ್ಲ ಜಾರಿಯಲ್ಲಿದ್ದವು. ಹ್ಯಾಟ್ ಇಲ್ಲದವರಿಗೆ ಆಟವಿಲ್ಲ: ಜನ ಉಣ್ಣೆಯ ಟೋಪಿಯ ಮೇಲೆ ಬಿಸಿಲಿನ ಹ್ಯಾಟು, ಅದರ ಮೇಲೆ ಲಾಟ್ವಿಯಾದ ಎಲೆಕಿರೀಟ ಇಟ್ಟುಕೊಂಡು ಕತ್ತು ಅಲುಗಿಸದೆ ಓಡಾಡಿದರು. ಬಾಗಿಲಲ್ಲಿ ಪ್ರತಿಯೊಬ್ಬರ ಮೂಗಿಗೂ ಸನ್‌ಸ್ಕ್ರೀನ್ ಬಳಿಯಲಾಯಿತು. ಮಕ್ಕಳಿಗೆ ಉಚಿತ ಐಸ್‌ಕ್ಯಾಂಡಿ. ಒಂದು ಮಗು ಚೀಪಿ ಚೀಪಿ ನೀಲಿಯಾದಾಗ, ಬಿಸಿಲಿನ ತಾಪವಿರಬಹುದೆಂದು ಅದನ್ನು ನೆರಳಿಗೆ ಸಾಗಿಸಲಾಯಿತು.

ಒದ್ದೆ ಸೌದೆ ಹತ್ತಲಿಲ್ಲ. ಬೆಂಕಿ ಆರಿಸಲು ಬಂದಿದ್ದ ಅಗ್ನಿಶಾಮಕ ದಳದವರು ಸ್ವಲ್ಪ ಹೊತ್ತು ನೋಡಿ, ಬೇಸರವಾಗಿ, ತಾವೇ ಹಚ್ಚಿಕೊಟ್ಟರು. ಡಾರ್ಸಿ ಮತ್ತು ಲೈಮಾ ಕೈ ಹಿಡಿದು ಮುಂದೆ ಬಂದರು. ಗ್ವೆಂಡಾ ಅಡ್ಡ ನಿಂತಳು.

"ಒಬ್ಬೊಬ್ಬರಾಗಿ. ಇಬ್ಬರು ಒಟ್ಟಿಗೆ ಹಾರೋ ಹಾಗಿಲ್ಲ. ನಿಯಮ."

"ಕೈ ಬಿಟ್ರೆ ಮದುವೆ ಇಲ್ಲ" ಎಂದಳು ಅಜ್ಜಿ. "ಅದೂ ನಿಯಮ."

ಡಾರ್ಸಿಯ ಮುಖದಲ್ಲಿ ಸನ್‌ಸ್ಕ್ರೀನ್ ಬಿಟ್ಟರೆ ಬೇರೆ ಬಣ್ಣ ಉಳಿಯಲಿಲ್ಲ. "ಮಾಮ..." ಎಂದ.

"ವಿನಾಯಿತಿ ಯಾರಿಗೂ ಇಲ್ವಾ ಗ್ವೆಂಡಾ?" ಎಂದು ಕೇಳಿದೆ.

"ಮಕ್ಕಳಿಗೆ ಮಾತ್ರ. ಮಗು ಹಾರುವಾಗ ಜವಾಬ್ದಾರಿ ಇರೋ ದೊಡ್ಡವರೊಬ್ಬರು ಕೈ ಹಿಡಿದಿರಲೇಬೇಕು."

"ಹಾಗಾದ್ರೆ ಇವನನ್ನ ಮಗು ಅಂತ ಬರ್ಕೋ."

ಗ್ವೆಂಡಾ ಆರಡಿ ಎತ್ತರದ ಡಾರ್ಸಿಯನ್ನು ಮೇಲಿಂದ ಕೆಳಗೆ ನೋಡಿದಳು. "ಆಧಾರ?"

"ಬಟ್ಟೆ ಒಗೆಯೋಕೆ ಇನ್ನೂ ಅಮ್ಮನ ಮನೆಗೆ ಒಯ್ತಾನೆ" ಎಂದಳು ಲೈಮಾ.

"ನಮ್ಮನೇಲಿ ಊಟ ಮಾಡಿದ ತಟ್ಟೆ ಎತ್ತಿದ್ದಿಲ್ಲ" ಎಂದಳು ಅಜ್ಜಿ.

"ಅಲ್ಲ, ಯಾರ ಕಡೆ ನೀವೆಲ್ಲ?" ಎಂದ ಡಾರ್ಸಿ.

"ಸಾಕು, ಸಾಬೀತಾಯ್ತು" ಎಂದು ಗ್ವೆಂಡಾ ಮಕ್ಕಳಿಗೆ ಗುರುತಿಗೆಂದು ಕಟ್ಟುವ, ವೊಂಬ್ಯಾಟ್ ಪ್ರಾಣಿಯ ಚಿತ್ರದ ನೀಲಿ ಪಟ್ಟಿಯೊಂದನ್ನು ಅವನ ಮಣಿಕಟ್ಟಿಗೆ ಕಟ್ಟಿದಳು. "ಬೆಂಕಿಯ ಈ ಕಡೆಯಿಂದ ಆ ಕಡೆವರೆಗೆ ಮಾತ್ರ ಮಗು. ನೆಲ ಮುಟ್ಟಿದ ತಕ್ಷಣ ದೊಡ್ಡವನು."

ಲೈಮಾ ಅವನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಓಡಿದರು, ಹಾರಿದರು. ಎಲೆಕಿರೀಟ ಬೆಂಕಿಗೆ ಬಿತ್ತು, ಹ್ಯಾಟು ಗಾಳಿಗೆ ಹೋಯಿತು, ಕೈ ಬಿಡಲಿಲ್ಲ. ಅಜ್ಜಿ ಬಗ್ಗಿ ಇಬ್ಬರ ಬೆರಳುಗಳನ್ನೂ ಮುಟ್ಟಿ ನೋಡಿ, "ಹೂಂ" ಎಂದಳು. ಆ ಒಂದು ಅಕ್ಷರಕ್ಕೆ ಅಗ್ನಿಶಾಮಕ ದಳದವರು ಸೈರನ್ ಬಾರಿಸಿದರು.

ಆಮೇಲೆ ನಡೆದದ್ದು ಇಷ್ಟೇ. ಊರಿನ ಹೆಂಡಂದಿರೆಲ್ಲ ಗಂಡಂದಿರನ್ನು ಎಳೆದುಕೊಂಡು ಸಾಲಾಗಿ ನಿಂತರು. ಗ್ವೆಂಡಾ ಯಾರಿಂದಲೂ ಆಧಾರ ಕೇಳಲಿಲ್ಲ. ಮೇಯರ್‌ಗೆ ಪಟ್ಟಿ ಕಟ್ಟಲಾಯಿತು, ಪಾದ್ರಿಗೆ ಅವರ ಅಕ್ಕನ ಜವಾಬ್ದಾರಿಯ ಮೇಲೆ ಕಟ್ಟಲಾಯಿತು. ನನ್ನ ಹೆಂಡತಿ ಮೇವಿಸ್ ಬಂದು "ಕೈ ಕೊಡಿ" ಎಂದಳು.

"ನಾನು ಉಪಸಮಿತಿಯ ಅಧ್ಯಕ್ಷ" ಎಂದು ನೆನಪಿಸಿದೆ.

"ಹೌದು, ಹೌದು. ಮೂಗು ಒರೆಸ್ಕೊಳ್ಳಿ" ಎಂದಳು.

ದೊಡ್ಡ ಪಟ್ಟಿಗಳೆಲ್ಲ ಮುಗಿದು ಐದು ವರ್ಷದೊಳಗಿನವರದು ಮಾತ್ರ ಉಳಿದಿತ್ತು. ನನಗೆ ಸರಿಯಾಗಿ ಹಿಡಿಸಿತು.