ಭಾವನ ಒಂದೇ ವೈರು

ಮಧುಗಿರಿಯ ಬೆಟ್ಟವನ್ನಾದರೂ ಒಂದಿಷ್ಟು ಅತ್ತ ಸರಿಸಬಹುದು. ನಮ್ಮ ಭಾವನನ್ನು ಅವರ ಮಾತಿನಿಂದ ಸರಿಸುವುದು ಸಾಧ್ಯವೇ ಇಲ್ಲ! ಬೆಟ್ಟಕ್ಕಾದರೂ ಹತ್ತಲು ಮೆಟ್ಟಿಲುಗಳಿವೆ.

ಅಕ್ಕ ಮನೆಯ ಮುಂಗೋಣೆಯಲ್ಲಿ ಲಗ್ನಪತ್ರಿಕೆ, ಕರಪತ್ರಗಳನ್ನು ಟೈಪ್ ಮಾಡಿಕೊಡುತ್ತಾಳೆ. ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಮಂಜಾದ ಮೇಲೆ, ಅಕ್ಷರ ದೊಡ್ಡದಾಗಿ ಕಾಣಲೆಂದು ಭಾವ ದೊಡ್ಡ ಮಾನಿಟರ್ ತಂದರು. ಅಂಗಡಿಯವನು ಬಂದು ಲ್ಯಾಪ್‌ಟಾಪಿಗೆ ಚಿತ್ರಕ್ಕೊಂದು, ಚಾರ್ಜಿಗೊಂದು ವೈರು ಚುಚ್ಚಿ ಹೋದ. ಎಲ್ಲ ಸರಿಯಾಗಿತ್ತು. ಸರಿಯಾಗಿರುವುದನ್ನು ಹಾಗೇ ಬಿಟ್ಟರೆ ಅವರು ನಮ್ಮ ಭಾವ ಹೇಗಾದಾರು?

"ಎರಡು ವೈರು ಬ್ಯಾಡ. ಒಂದೇ ವೈರಲ್ಲಿ ಎಲ್ಲಾ ಆಗ್ಬೇಕು" ಎಂದು ಕೆಲವೇ ದಿನಗಳಲ್ಲಿ ಅಪ್ಪಣೆಯಾಯಿತು. ಹಾಗಾಗುತ್ತದೆಂದು ಯಾರೋ ಮೊಬೈಲಿನಲ್ಲಿ ತೋರಿಸಿದ್ದರಂತೆ. ಭಾವ ತಮ್ಮ ಫೋನ್ ಚಾರ್ಜರಿನ ವೈರನ್ನೇ ಕಿತ್ತು ತಂದು ಲ್ಯಾಪ್‌ಟಾಪಿಗೂ ಮಾನಿಟರಿಗೂ ನಡುವೆ ಸಿಕ್ಕಿಸಿದರು. ಪರದೆ ಕಪ್ಪಗೇ ಇತ್ತು. ಕೂಡಲೇ ಅಂಗಡಿಯವನಿಗೆ ಫೋನು.

"ಸಾರ್, ಆ ವೈರಲ್ಲಿ ಕರೆಂಟ್ ಅಷ್ಟೇ ಹೋಗೋದು, ಚಿತ್ರ ಹೋಗಲ್ಲ."

"ಯಾಕ್ ಹೋಗಲ್ಲ? ಬಡವನಹಳ್ಳಿ ಬಸ್ಸಲ್ಲಿ ಕುರಿ, ಕೋಳಿ, ಮೇಷ್ಟ್ರು ಎಲ್ಲಾ ಒಟ್ಗೆ ಹೋಗಲ್ವಾ?"

ಆತ ಫೋನ್ ಇಟ್ಟ. ನಾನಾಗಿದ್ದರೆ ಅಂಗಡಿಯನ್ನೇ ಮುಚ್ಚುತ್ತಿದ್ದೆ!

ಸರಿಯಾದ ವೈರು ಸಿರಾದಲ್ಲಿ ಸಿಗುತ್ತದೆಂದು ತಿಳಿಯಿತು. ವೈರು ತರಲು ಭಾವ ಒಯ್ದದ್ದೇನು? ಮಾನಿಟರು! ಅದನ್ನು ಕಂಬಳಿಯಲ್ಲಿ ಸುತ್ತಿ, ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಹೊರಟರು. ಲ್ಯಾಪ್‌ಟಾಪ್ ಹೊತ್ತ ಕತ್ತೆ ನಾನು. ಪಕ್ಕದ ಸೀಟಿನ ಅಜ್ಜಿ ಕೇಳಿದಳು: "ಯಾವ ದೇವ್ರಪ್ಪಾ?"

"ಇನ್ನೂ ಕಣ್ಣು ಬಿಟ್ಟಿಲ್ಲ ಕಣಮ್ಮ" ಎಂದರು ಭಾವ. ಅಜ್ಜಿ ಕೈಮುಗಿದೇಬಿಟ್ಟಳು!

ಸಿರಾದ ಅಂಗಡಿಯಾತ ದಂಗಾದ. "ಅರೆ ಸಾಬ್, ಕೇಬಲ್ ಬೇಕಂದ್ರೆ ಮಾನಿಟರ್ ಯಾಕೆ ಹೊತ್ಕೊಂಡ್ ಬಂದ್ರಿ?"

"ಹೆಣ್ಣು ಗಂಡು ಇಬ್ರೂ ಎದ್ರಿಗಿದ್ರೆ ತಾನೇ ತಾಳಿ ಕಟ್ಟೋದು?"

ಆತ ನಗುತ್ತ ಒಂದು ಕೇಬಲ್ ಚುಚ್ಚಿದ. ಮಾನಿಟರಿನಲ್ಲಿ ಚಿತ್ರವೂ ಬಂತು, ಲ್ಯಾಪ್‌ಟಾಪಿಗೆ ಚಾರ್ಜೂ ಏರತೊಡಗಿತು. ಭಾವ ಮೀಸೆ ತಿರುವಿದರು. ಕೇಬಲನ್ನು ಅವರೇ ಕಂಡುಹಿಡಿದಂತೆ!

ಮನೆಗೆ ಬಂದು ಎಲ್ಲ ಇಳಿಸಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಅಲ್ಲ ಭಾವ, ಇದೇ ಚಿತ್ರ ಹಳೇ ವೈರಲ್ಲೂ ಬರ್ತಿತ್ತಲ್ಲ! ನಿಮ್ಮ ಹಟಕ್ಕೆ ನನ್ನ ಸೊಂಟ ಮುರೀತು."

ಭಾವ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ನಿಮ್ಮಕ್ಕ ಕೆಲ್ಸ ಮುಗಿದ್ಮೇಲೆ ಲ್ಯಾಪ್‌ಟಾಪ್ ಒಳಗೆ ಎತ್ತಿಡ್ತಾಳೆ. ಬೆಳಿಗ್ಗೆ ಆ ಹಳೇ ವೈರಿಗೆ ಮೇಲ್ಯಾವ್ದು, ಕೆಳಗ್ಯಾವ್ದು ಅಂತ ಅವ್ಳಿಗೆ ಕಾಣಲ್ಲ. ದಿನಾ ನನ್ನ ಕೂಗ್ಬೇಕು. ಒಂದಿನ ಕೂಗ್ದೆ ಸುಮ್ನೆ ವೈರು ಕೈಯಾಗ್ ಹಿಡ್ಕಂಡು ಕೂತ್ಬುಟ್ಟಿದ್ಳು ಕಣ್ಲಾ... ಇದು ಹೆಂಗೆ ಚುಚ್ಚಿದ್ರೂ ಕೂತ್ಕಂತದೆ."

ಮರುದಿನ ಬೆಳಿಗ್ಗೆ ನಾನಲ್ಲೇ ಇದ್ದೆ. ಅಕ್ಕ ಮೇಜಿನ ಮೇಲೆ ಕೈಯಾಡಿಸಿ ಕೇಬಲ್ ಹುಡುಕಿದಳು, ತಡವಿ ಚುಚ್ಚಿದಳು. ಪರದೆ ತುಂಬ ದಪ್ಪ ದಪ್ಪ ಅಕ್ಷರಗಳು ಮೂಡಿದವು. ಅವಳು ಯಾರನ್ನೂ ಕೂಗಲಿಲ್ಲ. ಪಡಸಾಲೆಯಲ್ಲಿ ಪೇಪರ್ ಹಿಡಿದು ಒಂದೇ ಪುಟ ನೋಡುತ್ತ ಕೂತಿದ್ದ ಭಾವ, ಟೈಪಿಂಗಿನ ಟಕಟಕ ಸದ್ದು ಕೇಳಿದ ಮೇಲೆ ಹಾಳೆ ಮಗುಚಿದರು.