ಹಳದಿ ಮುಚ್ಚಳದ ಪೈಲ್ವಾನರು

ಹಳದಿ ಮುಚ್ಚಳದ ಡಬ್ಬಿಯೊಳಗಿನ ಹುಳುಗಳು ದಪ್ಪಗಾಗಿದ್ದವು. ಹುಳಪ್ಪನ ಸಂಕಟಕ್ಕೆ ಕಾರಣ ಅಷ್ಟೇ.

ಹುಳಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕೃಷಿ ಸಂಶೋಧನಾ ಕೇಂದ್ರದಲ್ಲಿ ಒಂಬತ್ತು ವರ್ಷದಿಂದ ಕೋಸಿನ ಹುಳುಗಳಿಗೆ ಎಲೆ ಹಾಕುತ್ತ ಬಂದದ್ದಕ್ಕೆ ಸಹೋದ್ಯೋಗಿಗಳು ಕೊಟ್ಟ ಬಿರುದು. ಒಂಬತ್ತು ವರ್ಷವೂ ಅವನು ಹಂಗಾಮಿ ನೌಕರನೇ. ಈ ಸಲದ ಪ್ರಯೋಗ ಚೊಕ್ಕವಾಗಿ ಮುಗಿದರೆ ಕೆಲಸ ಕಾಯಂ ಎಂದು ನಿರ್ದೇಶಕರು ಬಾಯಿಬಿಟ್ಟು ಹೇಳಿದ್ದರು. ಮುಗಿಯುವ ದಿನ ಇವತ್ತೇ. ಸಂಜೆ ನಾಲ್ಕಕ್ಕೆ ಅವರೇ ಬಂದು ನೋಡುವವರಿದ್ದರು. ಹುಳಪ್ಪನ ಹೆಂಡತಿಗೆ ಅಲ್ಲಿವರೆಗೆ ತಡೆಯಲಾಗದೆ, "ನಿಮ್ಮ ಅಳಿಯಂದ್ರು ಕಾಯಂ ಆದ್ರು" ಎಂದು ಬೆಳಿಗ್ಗೆಯೇ ತವರಿಗೆ ಫೋನ್ ಮಾಡಿಬಿಟ್ಟಿದ್ದಳು. ಮದುವೆಯಾದಾಗಿನಿಂದ "ಅಳಿಯ ಹುಳ ಮೇಯಿಸ್ತಾನೆ" ಎಂದು ನಗುತ್ತಿದ್ದ ಮಾವ ಮೊದಲ ಸಲ ತೆಪ್ಪಗೆ ಫೋನ್ ಇಟ್ಟಿದ್ದರು.

ಪ್ರಯೋಗವೇನೋ ಸರಳ. ಬೆಳೆಗೆ ಬೂಷ್ಟು ಹಿಡಿಯದಿರಲೆಂದು ಶಿಲೀಂಧ್ರನಾಶಕ ಹೊಡೆಯುತ್ತಾರಲ್ಲ, ಅದು ಆ ಎಲೆ ತಿನ್ನುವ ಹುಳುವಿಗೂ ತಟ್ಟುತ್ತದೆಯೇ? ವಿಜ್ಞಾನಿ ಮೇಡಂ ಹಳದಿ ಚೀಟಿಯದೊಂದು, ಬಿಳಿ ಚೀಟಿಯದೊಂದು ಕ್ಯಾನು ಕೊಟ್ಟಿದ್ದರು. ಒಂದರಲ್ಲಿ ಔಷಧಿ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಹಳದಿ ಚೀಟಿಯದು ಬಣ್ಣದಲ್ಲೂ ಹಳದಿ, ವಾಸನೆ ಮೂಗು ಸಿಡಿಯುವಷ್ಟು. ಬಿಳಿಯದು ತಿಳಿನೀರು. ಔಷಧಿ ಯಾವುದೆಂದು ಹುಳಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹದಿನಾಲ್ಕು ದಿನ ಒಂದೊಂದರಲ್ಲೂ ಎಲೆ ಅದ್ದಿ, ಆಯಾ ಬಣ್ಣದ ಮುಚ್ಚಳದ ಡಬ್ಬಿಯ ಇಪ್ಪತ್ತಿಪ್ಪತ್ತು ಹುಳುಗಳಿಗೆ ಹಾಕಿದ್ದ. ಇವತ್ತು ತಕ್ಕಡಿಯಲ್ಲಿಟ್ಟು ನೋಡಿದರೆ ಹಳದಿಯಲ್ಲಿ ಇಪ್ಪತ್ತೂ ಬದುಕಿ ಕೊಬ್ಬಿವೆ. ಬಿಳಿಯಲ್ಲಿ ಏಳು ಸತ್ತಿವೆ, ಉಳಿದವು ಬಡಕಲಾಗಿ ಮಲಗಿವೆ.

ಸ್ಟೋರ್‌ಕೀಪರ್ ಇಣುಕಿದ. "ಏನಯ್ಯಾ, ಔಷಧಿ ತಿನ್ನಿಸಿ ಪೈಲ್ವಾನರನ್ನ ತಯಾರು ಮಾಡಿದೀಯಲ್ಲ!"

"ನನಗೂ ತಲೆಬುಡ ಗೊತ್ತಾಗ್ತಿಲ್ಲ ಅಣ್ಣ."

"ಗೊತ್ತಾಗೋಕೆ ಏನಿದೆ? ಇವತ್ತು ಬೆಳಿಗ್ಗೆ ಡಬ್ಬಿ ತೊಳೆದ್ಯಲ್ಲ, ಆಗ ಮುಚ್ಚಳ ಅದಲುಬದಲಾಗಿದೆ."

"ಇಲ್ಲಣ್ಣ, ನೋಡಿಕೊಂಡೇ ಮುಚ್ಚಿದ್ದು."

"ಹೋದ ತಿಂಗಳು ಒಂದು ಕಾಲಿಗೆ ಕಪ್ಪು, ಇನ್ನೊಂದಕ್ಕೆ ಕೆಂಪು ಚಪ್ಪಲಿ ಹಾಕ್ಕೊಂಡು ಬಂದೋನು ಯಾರು?"

ಹುಳಪ್ಪ ತನ್ನ ಕಾಲು ನೋಡಿಕೊಂಡ. ಇವತ್ತು ಸರಿಯಾಗಿಯೇ ಇತ್ತು. ಆದರೂ ಧೈರ್ಯ ಕುಸಿಯಿತು.

ಅಷ್ಟರಲ್ಲಿ ಟೈಪಿಸ್ಟ್ ಅಕ್ಕ ಬಂದಳು. ಎಲ್ಲಿ ಇಬ್ಬರು ಪಿಸುಗುಟ್ಟುತ್ತಾರೋ ಅಲ್ಲಿ ಮೂರನೆಯವಳು ಅವಳೇ. "ಸುಮ್ನೆ ಮುಚ್ಚಳ ಬದಲಾಯಿಸಪ್ಪ. ನಿನ್ನ ಕಾಯಂ ಆದೇಶ ನಾನೇ ಟೈಪ್ ಮಾಡಿದೀನಿ, ಸಹಿಯೂ ಆಗಿದೆ. ಸಾಹೇಬರ ಜೇಬಲ್ಲಿದೆ. ಈ ಹುಳಗಳ ಮುಖ ನೋಡಿ ಅದನ್ನ ಹರಿಸಿಕೊಳ್ತೀಯಾ?"

"ತಪ್ಪಲ್ವಾ ಅಕ್ಕ?"

"ತಪ್ಪಾದದ್ದನ್ನ ಸರಿ ಮಾಡೋದು ತಪ್ಪು ಹೇಗಾಗುತ್ತೋ?"

ಈ ವಾದದ ಬಿಸಿಯಲ್ಲಿ ಹಳದಿ ಡಬ್ಬಿ ತೆರೆದೇ ಇದ್ದದ್ದನ್ನು ಯಾರೂ ಗಮನಿಸಲಿಲ್ಲ. ಎಣಿಸಿದರೆ ಹತ್ತೊಂಬತ್ತು! ಹುಳಪ್ಪ ಮೇಜಿನ ಕೆಳಗೆ ತೆವಳಿದ. ಸ್ಟೋರ್‌ಕೀಪರ್ ಕಪಾಟು ಎಳೆದು ಕಾಲ್ಬೆರಳಿನ ಮೇಲೆ ಬೀಳಿಸಿಕೊಂಡ. ಇಪ್ಪತ್ತನೆಯ ಪೈಲ್ವಾನ ಟೈಪಿಸ್ಟ್ ಅಕ್ಕನ ತುರುಬಿನಲ್ಲಿ ಆರಾಮಾಗಿ ಕೂತಿತ್ತು. ಅವಳು ಹೊಡೆದ ಕೂಗಿಗೆ ಪಕ್ಕದ ಕಟ್ಟಡದವರೂ ಓಡಿ ಬಂದರು. ಬಂದವರೆಲ್ಲ ವಿಷಯ ಕೇಳಿ, ಎರಡೂ ಡಬ್ಬಿ ನೋಡಿ, ಹುಳಪ್ಪನನ್ನೂ ಒಮ್ಮೆ ನೋಡಿ, "ಮುಚ್ಚಳ ಅದಲುಬದಲಾಗಿದೆ, ಅನುಮಾನವೇ ಇಲ್ಲ" ಎಂದು ತೀರ್ಪು ಕೊಟ್ಟು ಹೋದರು.

ಹನ್ನೆರಡು ಜನ ಹೇಳಿದ ಮೇಲೆ ಹುಳಪ್ಪನಿಗೂ ತಾನೇ ತಪ್ಪು ಮಾಡಿದ್ದು ಕಣ್ಣಿಗೆ ಕಟ್ಟಿದಂತಾಯಿತು. ಎರಡೂ ಡಬ್ಬಿಯ ಮುಚ್ಚಳ ಅದಲುಬದಲು ಮಾಡಿದ.

ನಾಲ್ಕಕ್ಕೆ ಸರಿಯಾಗಿ ನಿರ್ದೇಶಕರು, ಮೇಡಂ ಬಂದರು. ಮೇಡಂ ಚೀಲದಿಂದ ಅಂಟಿಸಿದ ಲಕೋಟೆಯೊಂದನ್ನು ತೆಗೆದು ಹರಿದು, ಯಾವ ಕ್ಯಾನಿನಲ್ಲಿ ಏನಿತ್ತೆಂದು ಬರೆದಿದ್ದ ಚೀಟಿ ತೋರಿಸಿದರು. "ಸರ್, ಎಲೆ ಹಾಕೋರಿಗೆ ಔಷಧಿ ಯಾವುದು ಅಂತ ಗೊತ್ತಿದ್ರೆ ಕೈ ಒಂದು ಕಡೆ ವಾಲುತ್ತೆ. ಅದಕ್ಕೇ ಬರೀ ನೀರಿಗೆ ಬಣ್ಣ, ವಾಸನೆ ಬೆರೆಸಿ ಹಳದಿ ಚೀಟಿ ಹಚ್ಚಿದ್ದೆ. ಹುಳಕ್ಕೆ ಅದರಿಂದ ಏನೂ ಆಗಲ್ಲ. ನಿಜವಾದ ಔಷಧಿ ಇದ್ದದ್ದು ಬಿಳಿಯದರಲ್ಲಿ."

ಹುಳಪ್ಪ ತಾನು ಬದಲಾಯಿಸಿದ ಮುಚ್ಚಳಗಳ ಕಡೆ ನೋಡಿದ. ಬೆಳಿಗ್ಗೆ ಎಲ್ಲ ಸರಿಯಾಗಿಯೇ ಇತ್ತು!

ನಿರ್ದೇಶಕರು ಬಿಳಿ ಮುಚ್ಚಳ ಎತ್ತಿದರು. "ಅಂದ್ರೆ ಔಷಧಿ ತಿಂದೋವು ಹೀಗೆ ಕೊಬ್ಬಿವೆ, ಬರೀ ನೀರಿನ ಎಲೆ ತಿಂದೋವು ಸತ್ತಿವೆ? ಏನಮ್ಮಾ ಇದು? ನಿಮ್ಮ ಮೂರು ವರ್ಷದ ಲೆಕ್ಕವೆಲ್ಲ ಉಲ್ಟಾ ಆಯ್ತಲ್ಲ. ಈ ಯೋಜನೆ ಇಲ್ಲಿಗೇ ಮುಚ್ಚಿಬಿಡೋಣ."

ಮೇಡಂ ಮುಖ ಬಿಳಿಚಿಕೊಂಡಿತು. ಕಣ್ಣಂಚಿನಲ್ಲಿ ನೀರು. ಸ್ಟೋರ್‌ಕೀಪರ್ ಕುಂಟುತ್ತ ಬಾಗಿಲ ಕಡೆ ಸರಿದ. ಬಾಯಿ ಮುಚ್ಚಿಕೊಂಡಿದ್ದರೆ ಆ ಆದೇಶ ಕೈಗೆ ಬರುತ್ತಿತ್ತೋ ಏನೋ. ಆದರೆ ಹುಳಪ್ಪನಿಗೆ ಆ ಮುಖ ನೋಡಲಾಗಲಿಲ್ಲ.

"ಸರ್, ಮುಚ್ಚಳ ನಾನು ಬದಲಾಯಿಸಿದ್ದು. ಇವತ್ತೇ. ಹೆದರಿಕೊಂಡು," ಎಂದು ನಡೆದದ್ದನ್ನೆಲ್ಲ ಒದರಿಬಿಟ್ಟ.

ನಿರ್ದೇಶಕರು ಅವನನ್ನು ದಿಟ್ಟಿಸಿದರು. ಆಮೇಲೆ ಜೇಬಿನಿಂದ ಆದೇಶ ತೆಗೆದರು. "ಯಾರೂ ಕೇಳದೇ ಇದ್ರೂ ನಿಜ ಹೇಳಿದೆಯಲ್ಲ, ಭೇಷ್! ತಗೋ. ನಾಳೆಯಿಂದ ನೀನು ಕಚೇರಿ ವಿಭಾಗ. ಕಾಯಂ ಆದೋರನ್ನ ಹುಳದ ಕೋಣೆಗೆ ಹಾಕೋ ಹಾಗಿಲ್ಲ, ಅದು ನಿಯಮ."

"ಸರ್!" ಮೇಡಂ ನಡುವೆ ಬಂದರು. "ಮುಚ್ಚಳ ಬದಲಾದ ಪ್ರಯೋಗವನ್ನ ಯಾರು ನಂಬ್ತಾರೆ? ಮೊಟ್ಟೆಯಿಂದ ಮತ್ತೆ ಶುರು ಮಾಡ್ಬೇಕು. ತಪ್ಪು ಮಾಡಿದ್ರೂ ಮುಚ್ಚಿಡದೆ ಹೇಳೋರು ನನಗೆ ಎಲ್ಲಿ ಸಿಗ್ತಾರೆ? ಇವರನ್ನ ಬಿಟ್ಟುಕೊಡಲ್ಲ ನಾನು."

"ಹೌದಲ್ಲ!" ಎಂದರು ನಿರ್ದೇಶಕರು. ಹುಳಪ್ಪ ಚಾಚಿದ ಕೈ ಹಾಗೇ ಇತ್ತು. ಅವರು ಆದೇಶವನ್ನು ಮೆಲ್ಲಗೆ ಮಡಿಸಿ ಮತ್ತೆ ಜೇಬಿಗಿಟ್ಟು, ಖಾಲಿಯಾಗಿದ್ದ ಆ ಕೈಯನ್ನೇ ಹಿಡಿದು ಕುಲುಕಿದರು. "ನಿನ್ನಂಥ ಪ್ರಾಮಾಣಿಕನನ್ನ ಕಾಯಂ ಮಾಡಿ ಕಳಕೊಳ್ಳೋಕಾಗುತ್ತೇನಯ್ಯಾ? ರಿಟೈರ್ ಆಗೋವರೆಗೂ ಹಂಗಾಮಿಯಾಗೇ ಇಟ್ಕೋತೀವಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಏನು ಮಾಡಬೇಕೆಂದು ತೋಚದೆ ಹುಳಪ್ಪನೂ ತಟ್ಟಿದ.